ಉಪ್ಪಿನ ಚೌಕದ ವಿಲ್ಮಾ ಟೌಸಿಗ್

ಕ್ರಿಯಾಪದ ಬರುವ ತನಕ ವಿಲ್ಮಾ ಟೌಸಿಗ್ ಟ್ರಾಮ್ ಹತ್ತುತ್ತಿರಲಿಲ್ಲ. ನಮ್ಮ ಜರ್ಮನ್ ಭಾಷೆಯ ಉದ್ದನೆಯ ವಾಕ್ಯಗಳಲ್ಲಿ ಕ್ರಿಯಾಪದವೆಂಬುದು, ಎಲ್ಲರೂ ಉಂಡು ಕೈತೊಳೆದ ಮೇಲೆ ಮದುವೆಮನೆಗೆ ಆಗಮಿಸುವ ಹಿರಿಯ ಬಂಧುವಿನಂತೆ, ಕಟ್ಟಕಡೆಗೆ ಬರುತ್ತದೆ. ಅದು ಬಂದು ಕೂತ ಮೇಲಷ್ಟೇ ಅದುವರೆಗೆ ಆಡಿದ ಮಾತಿಗೆಲ್ಲ ಅರ್ಥ. ಮೆಲ್ಬರ್ನಿನ ಸೇಂಟ್ ಕಿಲ್ಡಾ ಬಡಾವಣೆಯ ಟ್ರಾಮ್ ನಿಲ್ದಾಣದಲ್ಲಿ, ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಒಂದು ಕೈಯಲ್ಲಿ ಟೋಪಿಯನ್ನು ಅದುಮಿ ಹಿಡಿದುಕೊಂಡು ಆಕೆ ಒಂದು ವಾಕ್ಯವನ್ನು ಆರಂಭಿಸಿದರೆಂದರೆ, ಟ್ರಾಮ್ ಬರಲಿ, ನಿಲ್ಲಲಿ, ಗಂಟೆ ಬಾರಿಸಲಿ, ಹೊರಟೇ ಹೋಗಲಿ, ವಾಕ್ಯ ಮಾತ್ರ ತನ್ನ ಉಪವಾಕ್ಯಗಳ ಓಣಿಗಳನ್ನೆಲ್ಲ ಸುತ್ತಿ, ಯಾವ ಅವಸರವೂ ಇಲ್ಲದೆ, ತನ್ನ ಮನೆ ಸೇರುತ್ತಿತ್ತು. ಕೇಳುತ್ತಿದ್ದವರು ಒಂದು ಕಾಲನ್ನು ಟ್ರಾಮಿನ ಮೆಟ್ಟಿಲ ಮೇಲಿಟ್ಟು ಇನ್ನೊಂದನ್ನು ಸಭ್ಯತೆಯ ಮೇಲಿಟ್ಟು ನಿಲ್ಲಬೇಕು. ಇಪ್ಪತ್ತು ವರ್ಷಗಳ ಪರಿಚಯದಲ್ಲಿ ಎಷ್ಟು ಟ್ರಾಮ್‌ಗಳನ್ನು ನಾನು ಆಕೆಯ ಕ್ರಿಯಾಪದಗಳಿಗೆ ಬಲಿಕೊಟ್ಟೆನೋ ಲೆಕ್ಕವಿಲ್ಲ.

ಯುದ್ಧದ ಕಾಲದಲ್ಲಿ ಇದು ಅಪಾಯಕರವಾದ ಚಟವೂ ಆಗಿತ್ತು. ಮೆಲ್ಬರ್ನಿನ ಬೀದಿಯಲ್ಲಿ ಜರ್ಮನ್ ಕಿವಿಗೆ ಬಿದ್ದರೆ ಜನ ಹುಬ್ಬು ಗಂಟಿಕ್ಕುತ್ತಿದ್ದ ದಿನಗಳವು. ಯಹೂದಿಗಳಾದ ನಮ್ಮನ್ನು ಯೂರೋಪಿನಿಂದ ಓಡಿಸಿದವರ ಭಾಷೆಯೂ ನಮ್ಮ ಭಾಷೆಯೂ ಒಂದೇ ಆಗಿದ್ದುದು ಬೀದಿಯ ಆ ಜನರ ತಪ್ಪಲ್ಲ. ಒಂದು ಸಲ ಟ್ರಾಮಿನಲ್ಲಿ ದಪ್ಪ ಕತ್ತಿನ ಮನುಷ್ಯನೊಬ್ಬ ಪತ್ರಿಕೆಯನ್ನು ಮಡಿಚಿ, "ಇಂಗ್ಲಿಷ್ ಮಾತಾಡಮ್ಮ, ಇದು ಆಸ್ಟ್ರೇಲಿಯ," ಎಂದ. ವಿಲ್ಮಾ ಅವನ ಕಡೆ ತಿರುಗಿ, ಬಲು ವಿನಯದಿಂದ, "ಮಾತಾಡ್ತಾನೇ ಇದ್ದೆ ಸ್ವಾಮಿ, ಅದೇ ನನ್ನ ಜೊತೆ ಮಾತು ಬಿಟ್ಟಿದೆ," ಎಂದರು. ಆತ ನಕ್ಕುಬಿಟ್ಟ. ಆಕೆ ನಗಲಿಲ್ಲ, ಪಕ್ಕಕ್ಕೆ ತಿರುಗಿ ತಮ್ಮ ಅರ್ಧ ಉಳಿದಿದ್ದ ವಾಕ್ಯವನ್ನು, ಧ್ವನಿ ತಗ್ಗಿಸಿ, ನನ್ನ ಕಿವಿಯಲ್ಲಿ ಪೂರ್ತಿ ಮಾಡಿದರು.

ಎತ್ತರದ ಹೆಂಗಸು. ನಡೆಯುವಾಗ ಬಲಗೈಯಲ್ಲಿ ತುಂಬಿದ ಬಕೆಟ್ಟು ಹಿಡಿದವರಂತೆ ಎಡಕ್ಕೆ ವಾಲುತ್ತಿದ್ದರು. ಪ್ರಾಗ್‌ನಿಂದ ಜಿನೋವಾದವರೆಗೆ, ಜಿನೋವಾದಿಂದ ಹಡಗಿನಲ್ಲಿ ಇಲ್ಲಿಯವರೆಗೆ, ಯಾರ ಕೈಗೂ ಕೊಡದೆ ಹೊತ್ತು ತಂದಿದ್ದ ಬೆರಳಚ್ಚು ಯಂತ್ರವೊಂದು ಆ ನಡಿಗೆಗೆ ಕಾರಣವೆಂದು ನಮ್ಮವರು ಹೇಳುತ್ತಿದ್ದರು. ಹುಟ್ಟಿನಿಂದಲೇ ಹಾಗೆ ಎಂದು ಮುಂದೊಂದು ದಿನ ಆಕೆಯ ಊರಿನವರೊಬ್ಬರಿಂದ ನನಗೆ ತಿಳಿಯಿತು. ಬೇಸಗೆಯಿರಲಿ ಚಳಿಗಾಲವಿರಲಿ, ಮೈಮೇಲೆ ಗಂಡಸರ ಮಳೆಕೋಟು. ಹಗಲು ದುಡಿಯುತ್ತಿದ್ದ ಕೋಟಿನ ಕಾರ್ಖಾನೆಯಲ್ಲಿ ತೋಳು ಗಿಡ್ಡವಾಯಿತೆಂದು ತಿರಸ್ಕೃತವಾದ ಮಾಲು ಅದು. ಒಳಜೇಬಿನಲ್ಲಿ ಹೆಬ್ಬೆರಳಿನಷ್ಟು ಉಳಿದ ಪೆನ್ಸಿಲುಗಳು. ಅವು ತೀರ ಮೊಂಡಾಗುವವರೆಗೆ ಹೊಸದನ್ನು ಕೊಳ್ಳುವುದಿಲ್ಲವೆಂಬ ಹಟ.

ಕಾರ್ಖಾನೆಯ ಮೇಲ್ವಿಚಾರಕಿ ಡೋರೀನ್ ಕ್ವಿಲ್ಟಿ ಎಂಬಾಕೆಗೆ ಈ ವಾಲುವ ಹೆಂಗಸಿನ ಮೇಲೆ ಒಂದು ಬಗೆಯ ಕಕ್ಕುಲಾತಿಯಿತ್ತು. ಊಟದ ಬಿಡುವಿನಲ್ಲಿ ಎಲ್ಲರೂ ಚಹಾ ಹಿಡಿದು ಕೂತಾಗ ಇವರು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತೇ ಏನನ್ನೋ ಬರೆಯುವುದನ್ನು ಕಂಡು ಆಕೆ ಒಮ್ಮೆ ಕೇಳಿದಳಂತೆ:

"ಏನ್ ಬರೀತಿದ್ದೀಯೇ ತಾಯಿ ದಿನಾ?"

"ಕಾದಂಬರಿ."

"ಪ್ರೀತಿ ಪ್ರೇಮದ್ದಾ?"

"ಅಲ್ಲ."

"ಹಾಗಾದ್ರೆ ಕೊಲೆ?"

"ಕೊಲೆನೂ ಇಲ್ಲ. ಒಂದು ಚೌಕ ಇದೆ. ಸುತ್ತ ಮನೆಗಳಿವೆ. ಅವರು ಊಟ ಮಾಡ್ತಾರೆ."

ಕ್ವಿಲ್ಟಿ, "ಪಾಪ, ಬರಿ ಬರಿ. ಹೊತ್ತು ಹೋಗ್ಬೇಕಲ್ಲ," ಎಂದು ಬೆನ್ನು ತಟ್ಟಿ ಹೋದಳು. ತಮ್ಮ ಕೃತಿಯ ಬಗ್ಗೆ ಬಂದ ವಿಮರ್ಶೆಗಳಲ್ಲೆಲ್ಲ ಇದೇ ಅತ್ಯಂತ ಪ್ರಾಮಾಣಿಕವಾದದ್ದೆಂದು ವಿಲ್ಮಾ ಹೇಳುತ್ತಿದ್ದರು.

ನಾನು ಹಿಂದೆ ಯೂರೋಪಿನಲ್ಲಿ, ಬ್ರ್ಯೂನ್ ಎಂಬ ಪಟ್ಟಣದ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದವನು. ಮೆಲ್ಬರ್ನಿನಲ್ಲಿ ಯಾರಿಗೂ ಲ್ಯಾಟಿನ್ ಬೇಕಿರಲಿಲ್ಲ. ಆದ್ದರಿಂದ ಕೇಕಿನ ಅಂಗಡಿಗೂ ಚಪ್ಪಲಿ ಹೊಲಿಯುವವನಿಗೂ ನಡುವೆ ಒಂದು ಕಿರಿದಾದ ಕೋಣೆ ಹಿಡಿದು, ನಮ್ಮಂಥ ನಿರಾಶ್ರಿತರ ಪೆಟ್ಟಿಗೆಗಳಿಂದ ಹೊರಬಂದ ಜರ್ಮನ್ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ ತೆರೆದೆ. ಪ್ರತಿ ಶನಿವಾರ ಬೆಳಿಗ್ಗೆ ವಿಲ್ಮಾ ಬರುತ್ತಿದ್ದರು. ಒಯ್ದ ಪುಸ್ತಕ ಮರಳಿ ಬಂದಾಗ ಅದರಲ್ಲಿ ಪೆನ್ಸಿಲಿನ ತಿದ್ದುಪಡಿಗಳು ಇರುತ್ತಿದ್ದವು. ಅಚ್ಚಿನ ದೋಷಗಳನ್ನು ಮಾತ್ರವಲ್ಲ, ಲೇಖಕನ ದೋಷಗಳನ್ನೂ ಆಕೆ ಬಿಡುತ್ತಿರಲಿಲ್ಲ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, "ಈ ಪಾತ್ರ ಹಿಂದಿನ ಅಧ್ಯಾಯದಲ್ಲಿ ಎಡಚ," "ಮೇ ತಿಂಗಳಲ್ಲಿ ಈ ಹೂವು ಎಲ್ಲಿಂದ?" ಎಂದು ಬರೆಯುತ್ತಿದ್ದರು. ಪಕ್ಕದ ಕೇಕಿನಂಗಡಿಯ ಕಪ್ಪು ಹಲಗೆಯ ಮೇಲಿನ ಕಾಗುಣಿತವನ್ನೂ ತಿದ್ದಿದಾಗ ಅಂಗಡಿಯವ ನನ್ನಲ್ಲಿಗೆ ಓಡಿಬಂದು, "ಆ ಕೋಟಿನಮ್ಮಂಗೆ ಹೇಳಿ ಸ್ವಾಮಿ, ತಪ್ಪು ಬರೆದಾಗ್ಲೇ ವ್ಯಾಪಾರ ಚೆನ್ನಾಗಿತ್ತು," ಎಂದು ದೂರಿದ. ಹೇಳಿದೆ. "ಅದು ಬೇರೆ ವಾಕ್ಯ," ಎಂದರು ಆಕೆ. ತಾವು ಮಾತಾಡಲಿಚ್ಛಿಸದ ಯಾವ ವಿಷಯ ಬಂದರೂ ಆಕೆ ಬಾಗಿಲು ಮುಚ್ಚುತ್ತಿದ್ದುದು ಈ ಮೂರು ಪದಗಳಿಂದಲೇ. ಗಂಡನಿದ್ದನೇ, ಮಕ್ಕಳಿದ್ದರೇ, ಅಣ್ಣ ಎಲ್ಲಿಗೆ ಹೋದ? ಎಲ್ಲವೂ ಬೇರೆ ವಾಕ್ಯ.

ಆಕೆ ಬರೆದು ಪ್ರಕಟವಾಗಿದ್ದುದು ಒಂದೇ ಕಾದಂಬರಿ, 'ಉಪ್ಪಿನ ಚೌಕ'. ಮೊರಾವಿಯಾದ ಇಗ್ಲಾವ್ ಎಂಬ ತಮ್ಮ ಹುಟ್ಟೂರಿನ ಒಂದು ಚೌಕವನ್ನೂ ಅದರ ಸುತ್ತಲಿನ ಹನ್ನೊಂದು ಮನೆಗಳನ್ನೂ ಹೆಸರು ಮಾತ್ರ ಬದಲಿಸಿ ಬರೆದದ್ದು. ಸಾವಿರದ ಒಂಬೈನೂರ ಮೂವತ್ತಾರರಲ್ಲಿ ವಿಯೆನ್ನಾದಲ್ಲಿ ಅಚ್ಚಾದಾಗ ಪತ್ರಿಕೆಗಳು ಹೊಗಳಿದವು, ಊರು ಮಾತು ಬಿಟ್ಟಿತು. ಬಟ್ಟೆ ವ್ಯಾಪಾರಿ ಟೌಸಿಗ್ಗರ ಮಗಳು ನಮ್ಮ ಮನೆಯಲ್ಲಿ ಉಂಡು ನಮ್ಮ ಎಂಜಲನ್ನು ಎಣಿಸಿದಳು ಎಂದು ಜನ ಬೀದಿಯ ಆ ಬದಿಗೆ ದಾಟುತ್ತಿದ್ದರಂತೆ. ಎರಡು ವರ್ಷಗಳಲ್ಲಿ ಆ ಪುಸ್ತಕವನ್ನು ಅಧಿಕಾರಕ್ಕೆ ಬಂದವರು ಸುಟ್ಟರು. ಮತ್ತೆರಡು ವರ್ಷಗಳಲ್ಲಿ ಆ ಹನ್ನೊಂದು ಮನೆಗಳಲ್ಲಿ ಹೆಚ್ಚಿನವು ಬರಿದಾದವು. ಯುದ್ಧ ಮುಗಿದ ಮೇಲೆ ಯಾರು ಉಳಿದರು, ಯಾರು ಇಲ್ಲ ಎಂಬ ಪಟ್ಟಿಗಳು ನಮ್ಮೆಲ್ಲರ ಮನೆಗಳಿಗೂ ಬಂದವು. ವಿಲ್ಮಾ ತಮ್ಮ ಪಟ್ಟಿಯನ್ನು ಯಾರಿಗೂ ತೋರಿಸಲಿಲ್ಲ.

ತೀರಿಕೊಂಡ ನಿರಾಶ್ರಿತನೊಬ್ಬನ ಪುಸ್ತಕಗಳ ಪೆಟ್ಟಿಗೆ ನಲವತ್ತಾರರಲ್ಲಿ ನನ್ನ ಅಂಗಡಿಗೆ ಬಂತು. ಅದರ ತಳದಲ್ಲಿ 'ಉಪ್ಪಿನ ಚೌಕ' ಇತ್ತು. ಆಕೆಯ ಕೈಯಲ್ಲೇ ಅದರ ಪ್ರತಿಯಿರಲಿಲ್ಲವೆಂದು ಬಲ್ಲ ನಾನು ಶನಿವಾರವಾಗುವುದನ್ನೇ ಕಾದು, ಮುಂದಿಟ್ಟು, "ತಗೊಂಡು ಹೋಗಿ. ವಾಪಸು ತರಬೇಡಿ," ಎಂದೆ.

ವಿಲ್ಮಾ ಪುಸ್ತಕದ ರಟ್ಟಿನ ಮೇಲೆ ಅಂಗೈಯಿಟ್ಟರು. "ಬೇಡ ಕೋರ್ನ್‌ಫೆಲ್ಡ್ ಅವರೇ. ಬಾಡಿಗೆ ಪುಸ್ತಕವಾಗೇ ಇರಲಿ. ಯಾರಾದ್ರೂ ಕೇಳಬಹುದು."

ಯಾರೂ ಕೇಳಲಿಲ್ಲ. ಮೂರು ವರ್ಷ ಆ ಪುಸ್ತಕವನ್ನು ಒಯ್ದವರು ಅದರ ಲೇಖಕಿ ಒಬ್ಬರೇ. ಶನಿವಾರ ತಂದು ಕಪಾಟಿನಲ್ಲಿಡುವರು; ಬೇರೆಯವರಿಗೆ ಅವಕಾಶ ಸಿಗಲೆಂದು ಒಂದು ವಾರ ಬಿಡುವರು; ಮುಂದಿನ ಶನಿವಾರ ಮತ್ತೆ ಒಯ್ಯುವರು. ಕುತೂಹಲಕ್ಕೆ ನಾನೊಮ್ಮೆ ಬಿಚ್ಚಿ ನೋಡಿದೆ. ಪೆನ್ಸಿಲು ಅಲ್ಲಿಯೂ ಓಡಾಡಿತ್ತು, ಆದರೆ ಬೇರೆ ರೀತಿಯಲ್ಲಿ. ಕಾದಂಬರಿಯ ಅತ್ಯಂತ ಪ್ರಸಿದ್ಧ ಭಾಗ ಹಲ್ಲಿನ ಡಾಕ್ಟರರ ಮನೆಯ ಅಧ್ಯಾಯ. ಸೂಪನ್ನು ಸದ್ದುಮಾಡಿ ಹೀರಿ ಮೇಜುಬಟ್ಟೆಯಿಂದ ಮೀಸೆ ಒರೆಸಿಕೊಳ್ಳುವ, ಹಲ್ಲು ಕೀಳುವಾಗ ಸಂಗೀತ ನಾಟಕದ ಹಾಡು ಗುನುಗುವ ಡಾಕ್ಟರು. ಅತಿಥಿಗಳು ಹಾಕಿಕೊಂಡ ಸಕ್ಕರೆಯ ಅಚ್ಚುಗಳನ್ನು ಕಣ್ಣಲ್ಲೇ ಎಣಿಸುವ, ಉಗ್ರಾಣದ ಬೀಗದ ಕೈಯನ್ನು ಎದೆಗೆ ನೇತುಹಾಕಿಕೊಂಡ ಡಾಕ್ಟರಮ್ಮ. 'ಮ' ಎಂಬ ಅಕ್ಷರ ಬಂದೊಡನೆ ತೊದಲುವ ಮಗ. ಆ ಪುಟಗಳಲ್ಲಿ 'ಹೀರಿದರು' ಎಂಬುದು 'ಕುಡಿದರು' ಆಗಿತ್ತು. 'ಜಿಪುಣಿ' ಹೋಗಿ 'ಜಾಗರೂಕಳು' ಬಂದಿದ್ದಳು. ಹುಡುಗನ ತೊದಲು ಪೂರ್ತಿ ಮಾಯವಾಗಿತ್ತು. ನಲವತ್ತೆಂಟರ ಹೊತ್ತಿಗೆ ಡಾಕ್ಟರರು ಎಷ್ಟು ಸಾಧುಗಳಾದರೆಂದರೆ ಅವರ ಮನೆಯಲ್ಲಿ ಊಟ ಮಾಡುವ ಉತ್ಸಾಹವೇ ಓದುಗನಿಗೆ ಉಳಿಯುತ್ತಿರಲಿಲ್ಲ.

ನಲವತ್ತೊಂಬತ್ತರ ಏಪ್ರಿಲ್‌ನಲ್ಲಿ, ಭೂಮಿಯ ಈ ದಕ್ಷಿಣ ಭಾಗದ ಮರಗಳು ಎಲೆ ಉದುರಿಸತೊಡಗಿದ್ದಾಗ, ಅರವತ್ತು ದಾಟಿದ ಕುಳ್ಳು ಹೆಂಗಸೊಬ್ಬರು ಕೋಲೂರಿಕೊಂಡು ನನ್ನ ಅಂಗಡಿಗೆ ಬಂದರು. ಹೊಸದಾಗಿ ಹಡಗಿಳಿದವರೆಂದು ಬೂಟುಗಳೇ ಹೇಳುತ್ತಿದ್ದವು. ಕಪಾಟುಗಳ ಕಡೆ ನೋಡದೆ ನೇರವಾಗಿ ಕೇಳಿದರು:

"'ಉಪ್ಪಿನ ಚೌಕ' ಅನ್ನೋ ಪುಸ್ತಕ ಇದೆಯಂತಲ್ಲ ಇಲ್ಲಿ? ಟೌಸಿಗ್ ಮನೆ ಹುಡುಗಿ ಬರೆದಿದ್ದು."

"ಇದೆ. ಆದರೆ ಒಬ್ಬರು ಒಯ್ದಿದ್ದಾರೆ. ಶನಿವಾರ ಬರುತ್ತೆ. ಯಾರ ಹೆಸರಿಗೆ ಬರೆದುಕೊಳ್ಳಲಿ?"

"ರೆಗೀನಾ ಪೊಲಾಚೆಕ್." ಹಳೆಯ ರೂಢಿಯಂತೆ, "ಹಲ್ಲಿನ ಡಾಕ್ಟರ್ ಬೆರ್ಟೋಲ್ಡ್ ಪೊಲಾಚೆಕ್ ಅವರ ಹೆಂಡತಿ. ನಾಲ್ಕನೇ ಅಧ್ಯಾಯದಲ್ಲಿ ಇದ್ದೀನಿ ನಾನು," ಎಂದರು.

ವಿಲ್ಮಾರಿಗೆ ಮುಂಚಿತವಾಗಿ ತಿಳಿಸಬೇಕಾಗಿತ್ತೇನೋ. ತಿಳಿಸಿದ್ದರೆ ಆಕೆ ಬರುತ್ತಿರಲಿಲ್ಲವೆಂಬ ಸಂಶಯದಿಂದ ಸುಮ್ಮನಿದ್ದೆ. ಶನಿವಾರ ಬೆಳಿಗ್ಗೆ ಆಕೆ ಎಂದಿನಂತೆ ಎಡಕ್ಕೆ ವಾಲುತ್ತ ಒಳಬಂದು, ಯಾವನೋ ಲೇಖಕನ ಸರ್ವನಾಮಗಳ ಬಗ್ಗೆ ವಾಕ್ಯವೊಂದನ್ನು ಬಾಗಿಲಲ್ಲೇ ಆರಂಭಿಸಿದ್ದರು. ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದವರನ್ನು ಕಂಡು ಅದನ್ನು ನಡುವೆಯೇ ಬಿಟ್ಟರು. ಆಕೆ ವಾಕ್ಯವೊಂದನ್ನು ಬಿಟ್ಟುಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಡಾಕ್ಟರಮ್ಮ," ಎಂದರು.

"ಇನ್ನೂ ವಾಲ್ಕೊಂಡೇ ನಡೀತೀಯಲ್ಲೇ ವಿಲ್ಮಾ," ಎಂದರು ರೆಗೀನಾ. "ಐದನೇ ವಯಸ್ಸಲ್ಲೂ ಹೀಗೇ. ನಿಮ್ಮಪ್ಪ ಹೊಲಿಸಿದ ಬೂಟು ಸರಿ ಇಲ್ಲ ಅಂತ ನಿಮ್ಮಮ್ಮ ಜಗಳ ಆಡ್ತಿದ್ಲು."

ವಿಲ್ಮಾ ಕ್ಷಮೆ ಕೇಳಲು ಬಾಯಿ ತೆರೆದಿರಬೇಕು. ರೆಗೀನಾ ಕೋಲನ್ನು ನೆಲಕ್ಕೆ ಕುಟ್ಟಿ ತಡೆದರು. "ನಾನು ಜಗಳಕ್ಕೆ ಬಂದಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಓದಕ್ಕಾಗಲ್ಲ. ಬೆರ್ಟೋಲ್ಡ್ ಇಲ್ಲ, ಹಾನುಶ್ ಇಲ್ಲ, ಮನೆ ಇಲ್ಲ. ಒಂದು ಫೋಟೋ ಕೂಡ ಇಲ್ಲ ನನ್ನ ಹತ್ರ. ಅವರು ಎಲ್ಲಿದ್ದಾರೆ ಅಂತ ಯೋಚಿಸಿದೆ. ನಿನ್ನ ಪುಸ್ತಕದಲ್ಲಿ ಇದ್ದಾರೆ. ಓದು ನೋಡೋಣ."

ಅಂಗಡಿಯ ಹಿಂದೆ, ಹರಿದ ಪುಸ್ತಕಗಳನ್ನು ಅಂಟಿಸಲು ನಾನಿಟ್ಟುಕೊಂಡಿದ್ದ ಸಣ್ಣ ಕೋಣೆಯಲ್ಲಿ, ಆ ದಿನ ಓದು ಆರಂಭವಾಯಿತು. ಪೆಟ್ಟಿಗೆಗಳ ಮೇಲೆ ಇಬ್ಬರೂ ಎದುರುಬದುರು. ನಾನು ಬಾಗಿಲಲ್ಲಿ, ಗಿರಾಕಿಗಳ ಕಡೆ ಒಂದು ಕಣ್ಣಿಟ್ಟು. ವಿಲ್ಮಾ ಪೆನ್ಸಿಲಿನ ತಿದ್ದುಪಡಿಗಳ ಪ್ರಕಾರ ಓದಿದರು. ಭಾನುವಾರದ ಊಟ. ಡಾಕ್ಟರು ಸೂಪು ಕುಡಿದರು. ಡಾಕ್ಟರು ಮುಗುಳ್ನಕ್ಕರು.

"ಏನು ಮಾಡಿದ್ರು?" ರೆಗೀನಾ ಕೇಳಿದರು.

"ಮುಗುಳ್ನಕ್ಕರು."

"ಸುಳ್ಳು. ಆ ಮನುಷ್ಯ ಬಾಯಲ್ಲಿ ಸೂಪು ಇಟ್ಕೊಂಡು ಯಾವತ್ತೂ ನಕ್ಕಿಲ್ಲ. ನೀನು ಹಾಗೆ ಬರೆದೂ ಇಲ್ಲ. ಅವರು ಸೊರ್ರ್ ಅಂತ ಹೀರ್ತಾರೆ, ಆಮೇಲೆ ಮೇಜುಬಟ್ಟೆಯಲ್ಲಿ ಮೀಸೆ ಒರೆಸ್ಕೋತಾರೆ, ನಾನು ಕಾಲಲ್ಲಿ ಒದೀತೀನಿ. ಓದು."

"ಡಾಕ್ಟರಮ್ಮ, ಅದನ್ನ ಬರೆದಾಗ ನನಗೆ ಬುದ್ಧಿ—"

"ಬುದ್ಧಿ ವಿಷಯ ಕೇಳಲಿಲ್ಲ ನಾನು. ಪುಸ್ತಕ ಬಂದಾಗ ಆರು ಪ್ರತಿ ಕೊಂಡು ಒಲೆಗೆ ಹಾಕಿದೆ, ಗೊತ್ತಾ? ಊರಲ್ಲಿ ಮುಖ ತೋರಿಸೋ ಹಾಗಿರ್ಲಿಲ್ಲ. ಬೆರ್ಟೋಲ್ಡ್ ಏಳನೇದು ತಂದು ಹತ್ತಿ ಇಡೋ ಡ್ರಾಯರ್ ಒಳಗೆ ಬಚ್ಚಿಟ್ಟಿದ್ರು. ರೋಗಿಗಳು ಇಲ್ಲದಾಗ ಓದಿ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ರು. 'ರೆಗೀ, ಇವಳು ನನ್ನ ಮೂಗನ್ನ ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ನೋಡು' ಅಂತ. ಓದು, ಓದು."

ವಿಲ್ಮಾ ಅಚ್ಚಾದದ್ದನ್ನು ಓದಿದರು. ಅದರ ಕ್ರೌರ್ಯ ನನಗೇ ಚುಚ್ಚುವಂತಿತ್ತು; ರೆಗೀನಾ ಮಾತ್ರ, ಬೆಳಗಿನ ಬಿಸಿಲಿಗೆ ಮುಖವೊಡ್ಡಿದವರ ಹಾಗೆ, ಕಣ್ಣು ಮುಚ್ಚಿ ಕೂತಿದ್ದರು. ಮಗ ತಟ್ಟೆಯನ್ನು ಮುಂದೆ ಚಾಚಿ ಇನ್ನೊಂದು ಕಡುಬು ಕೇಳುವ ಜಾಗ ಬಂತು. ಅಲ್ಲಿ ವಿಲ್ಮಾ ಓದು ನಿಲ್ಲಿಸಿದರು. ಬೆರಳು ಪುಟದ ಮೇಲೆಯೇ ಇತ್ತು. ರೆಗೀನಾ, ಕಣ್ಣು ತೆರೆಯದೆ, ಸಹಜವಾಗಿ, ಮನೆಯೊಳಗಿಂದ ಯಾರೋ ಕರೆದಂತೆ ಹೇಳಿದರು: "ಮ-ಮ-ಮಮ್ಮಾ, ಇನ್ನೊಂದು."

ಗಿರಾಕಿಯೊಬ್ಬ ಗಂಟೆ ಬಾರಿಸಿದ. ನಾನು ಮುಂದಿನ ಕೋಣೆಗೆ ಹೋದೆ.

ಆಮೇಲೆ ಎರಡು ವರ್ಷ, ಪ್ರತಿ ಶನಿವಾರವೂ ಓದು ನಡೆಯಿತು. ಮುಗಿದರೆ ಮತ್ತೆ ಮೊದಲಿನಿಂದ. ಅವರಿಬ್ಬರ ನಡುವೆ ಸ್ನೇಹ ಬೆಳೆಯಿತೆಂದು ಹೇಳಿದರೆ ಅತಿಶಯವಾದೀತು. ರೆಗೀನಾ ವಿಲ್ಮಾರ ಕೋಟನ್ನು ಹಳಿಯುತ್ತಿದ್ದರು. ವಿಲ್ಮಾ ರೆಗೀನಾರ ವ್ಯಾಕರಣವನ್ನು ತಿದ್ದುತ್ತಿದ್ದರು. ಆದರೂ ಮಳೆ ಬಂದ ಶನಿವಾರಗಳಂದು, ರೆಗೀನಾ ವಾಸವಿದ್ದ ಅವರ ತಂಗಿಯ ಮಗನ ಮನೆಯಿಂದ ಅವರನ್ನು ಕರೆತರಲು ಆ ವಾಲುವ ಆಕೃತಿ ಛತ್ರಿ ಹಿಡಿದು ಹೋಗುವುದನ್ನು ನಾನು ಕಂಡಿದ್ದೇನೆ.

ಐವತ್ತೊಂದರ ಚಳಿಗಾಲದಲ್ಲಿ ಝೂರಿಕ್‌ನ ಪ್ರಕಾಶಕರೊಬ್ಬರಿಂದ ಕಾಗದ ಬಂತು. 'ಉಪ್ಪಿನ ಚೌಕ'ವನ್ನು ಮತ್ತೆ ಅಚ್ಚು ಹಾಕುವ ಇಚ್ಛೆಯಿದೆ. ಯೂರೋಪಿನಲ್ಲೆಲ್ಲೂ ಪ್ರತಿ ಸಿಕ್ಕುತ್ತಿಲ್ಲ. ಲೇಖಕಿಯ ಬಳಿ ಒಂದಿದ್ದರೆ, ಬೇಕಾದ ಪರಿಷ್ಕರಣೆಗಳೊಂದಿಗೆ, ದಯವಿಟ್ಟು ಕಳುಹಿಸಬೇಕು. ಹದಿಮೂರು ವರ್ಷ ಮಳೆಕೋಟು ಹೊಲಿದ ಹೆಂಗಸು ಆ ಕಾಗದವನ್ನು ನಾಲ್ಕಾಗಿ ಮಡಿಚಿ ಪೆನ್ಸಿಲುಗಳ ಪಕ್ಕಕ್ಕಿಟ್ಟುಕೊಂಡು, ಮುಖದಲ್ಲಿ ಏನೂ ತೋರಿಸದೆ, "ತಿದ್ದಿದ ಪ್ರತಿ ಸಿದ್ಧವಾಗಿಯೇ ಇದೆಯಲ್ಲ, ಹಾಗೇ ಕಳಿಸೋಣ," ಎಂದರು.

ಸುದ್ದಿ ಕೇಳಿದ ರೆಗೀನಾ ಮೊದಲು ಸಂತೋಷಪಟ್ಟರು. ಅನಂತರ 'ತಿದ್ದಿದ' ಎಂಬ ಮಾತು ಅವರ ತಲೆಯೊಳಗೆ ಇಳಿಯಿತು.

"ಯಾವುದನ್ನ ಕಳಿಸ್ತೀಯ? ಮುಗುಳ್ನಗೋದನ್ನಾ?"

"ಡಾಕ್ಟರಮ್ಮ, ಆಗ ನನಗೆ ಮೂವತ್ತೆಂಟು ವರ್ಷ. ನಗಿಸಬೇಕು ಅನ್ನೋ ಆಸೆಯಿತ್ತು. ಹೋದವರನ್ನ ಇನ್ನೊಂದು ಸಲ ನಗೆಪಾಟಲು ಮಾಡಿ ಮಾರೋಕೆ ನನ್ನ ಕೈಲಿ ಆಗಲ್ಲ."

"ನಿಜ ಬರೆಯೋವಾಗ ನನ್ನನ್ನ ಕೇಳಲಿಲ್ಲ. ಈಗ ಸುಳ್ಳು ಬರೆಯೋಕೆ ನನ್ನ ನೆಪ ಹೇಳ್ತೀಯಾ?"

"ಪುಸ್ತಕ ನನ್ನದು."

"ಪುಸ್ತಕ ನಿಂದು ಕಣೇ. ಮೂಗು ನನ್ನ ಗಂಡಂದು." ರೆಗೀನಾ ಎದ್ದು ನಿಂತಿದ್ದರು. "ಅವರನ್ನ ಒಯ್ದವರು ಹೆಸರು ತೆಗೆದು ನಂಬರ್ ಹಾಕಿದ್ರು. ನೀನು ಮೀಸೆ ತೆಗೆದು ಸಭ್ಯಸ್ಥರನ್ನ ಹಾಕ್ತಿದ್ದೀಯ. ಯಾರೋ ಒಬ್ಬ ಒಳ್ಳೇ ಮನುಷ್ಯ ಸತ್ತ ಅಂತ ಓದ್ಕೊಂಡು ನಾನೇನು ಮಾಡ್ಲಿ? ನಂಗೆ ಆ ಸೂಪು ಹೀರೋ ಗಂಡಸು ಬೇಕು."

ಅವರು ಹೊರಟುಹೋದರು. ಮುಂದಿನ ಎರಡು ಶನಿವಾರ ಬರಲಿಲ್ಲ. ವಿಲ್ಮಾ ಬಂದರು, ಹಿಂದಿನ ಕೋಣೆಯಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟು ಕೂತರು, ಹೋದರು. ನಾನು ಏನೋ ಸಮಾಧಾನ ಹೇಳಹೊರಟಾಗ ಬಾಗಿಲು ಮುಚ್ಚುವ ಆ ಮೂರು ಪದಗಳು ಕೂಡ ಬರಲಿಲ್ಲ.

ಮೂರನೆಯ ಶನಿವಾರ ಆಕೆ ಬರುವಾಗ ಕೈಯಲ್ಲಿ ಒಂದು ದೊಡ್ಡ ರಬ್ಬರು ಇತ್ತು. ಕಿಟಕಿಯ ಬೆಳಕಿಗೆ ಪುಸ್ತಕವನ್ನು ಬಿಚ್ಚಿಟ್ಟುಕೊಂಡು, ಮೊದಲ ಪುಟದಿಂದ, ಪ್ರತಿಯೊಂದು ತಿದ್ದುಪಡಿಯನ್ನೂ ಓದಿ, ಒಂದೊಂದಾಗಿ ಅಳಿಸತೊಡಗಿದರು. ಕಾರ್ಖಾನೆಗೆ ರಜೆ ಹಾಕಿ ಸೋಮವಾರ ಬಂದರು, ಮಂಗಳವಾರ ಬಂದರು. 'ಜಾಗರೂಕಳು' ಅಳಿದು 'ಜಿಪುಣಿ' ಮೇಲೆದ್ದಳು. ಹುಡುಗನ ತೊದಲು ಅಕ್ಷರ ಅಕ್ಷರವಾಗಿ ಮರಳಿ ಬಂತು. ಐದು ವರ್ಷಗಳ ಪಶ್ಚಾತ್ತಾಪ ಬೂದು ಬಣ್ಣದ ಸಣ್ಣ ಸಣ್ಣ ಎಳೆಗಳಾಗಿ ಆ ಗಿಡ್ಡ ತೋಳಿನ ಕೋಟಿನ ಮೇಲೆ ಉದುರುತ್ತಿತ್ತು; ಆಕೆ ಅದನ್ನು ಕೊಡವಿಕೊಳ್ಳಲೂ ಇಲ್ಲ. ಹೊಗಳಿಕೆ ಅಳಿಸುವುದು ಕಷ್ಟವೇ ಎಂದು ನಾನು ಕೇಳಿದಾಗ, ಕೈ ನಿಲ್ಲಿಸದೆ, "ಡಾಕ್ಟರಮ್ಮ ಹೇಳಿದ್ದು ಸರಿ. ಇದನ್ನ ನಾನು ಹೋದವರಿಗೋಸ್ಕರ ತಿದ್ದಿರಲಿಲ್ಲ. ನನಗೆ ನಿದ್ದೆ ಬರಲಿ ಅಂತ ತಿದ್ದಿದ್ದೆ," ಎಂದರು.

ಬುಧವಾರ ಛತ್ರಿಯಿಲ್ಲದೆ ಹೋಗಿ ರೆಗೀನಾರನ್ನು ಕರೆತಂದರು. ನಾಲ್ಕನೆಯ ಅಧ್ಯಾಯವನ್ನು ಅಚ್ಚಾದ ಹಾಗೆಯೇ, ಒಂದು ಸದ್ದನ್ನೂ ಬಿಡದೆ ಓದಿದರು. ರೆಗೀನಾ ಕೊನೆಯವರೆಗೆ ಕೇಳಿ ಹೇಳಿದರು:

"ಎಲ್ಲಾ ಸರಿ. ಒಂದು ಮಾತ್ರ ತಪ್ಪಿದೆ."

"ಏನು?"

"ಕಡುಬು. ಪ್ಲಮ್ ಹಣ್ಣಿನ ಕಡುಬು ಅಂತ ಬರೆದಿದ್ದೀಯ. ನಮ್ಮನೆಯಲ್ಲಿ ಪ್ಲಮ್ ಕಡುಬು ಯಾವತ್ತೂ ಮಾಡಿಲ್ಲ. ಬೆರ್ಟೋಲ್ಡ್‌ಗೆ ಎದೆಯುರಿ ಬರ್ತಿತ್ತು. ಏಪ್ರಿಕಾಟ್ ಹಣ್ಣಿಂದು."

ವಿಲ್ಮಾ ಪುಸ್ತಕ ಮುಚ್ಚಿದರು. ಅಧ್ಯಾಯದ ಶಿಖರವೇ ಆ ಕಡುಬು: ನಗರಾಧ್ಯಕ್ಷರ ಹೆಂಡತಿ ಊಟಕ್ಕೆ ಬಂದಿದ್ದಾರೆ; ಡಾಕ್ಟರು ಕಡುಬಿಗೆ ಕತ್ತಿ ಹಾಕಿದೊಡನೆ ಕಡುಗೆಂಪು ರಸ ಚಿಮ್ಮಿ ಬಿಳಿಯ ಮೇಜುಬಟ್ಟೆಯ ಮೇಲೆ ಬೀಳುತ್ತದೆ; ಡಾಕ್ಟರಮ್ಮ ತಕ್ಷಣ ಅದರ ಮೇಲೆ ಅಂಗೈಯಿಟ್ಟು, ಅತಿಥಿ ಏಳುವವರೆಗೂ ಕೈ ಎತ್ತದೆ ಕೂರುತ್ತಾರೆ.

"ಆಗಲ್ಲ ಡಾಕ್ಟರಮ್ಮ. ಕಲೆ ಎದ್ದು ಕಾಣಬೇಕು. ಏಪ್ರಿಕಾಟ್ ರಸ ಬಿಳಿ ಬಟ್ಟೆ ಮೇಲೆ ಯಾರಿಗೆ ಕಾಣುತ್ತೆ?"

"ಯಾರಿಗೂ ಕಾಣ್ತಿರ್ಲಿಲ್ಲ."

"ಮತ್ತೆ ಯಾಕೆ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ರಿ?"

"ನಂಗೆ ಕಾಣ್ತಿತ್ತಲ್ಲ," ಎಂದರು ರೆಗೀನಾ.

ಆ ಒಂದು ಪುಟವನ್ನು ಮತ್ತೆ ಬರೆಯಲು ವಿಲ್ಮಾರಿಗೆ ಮೂರು ವಾರ ಹಿಡಿಯಿತು. ಹೊಸ ಪುಟದಲ್ಲಿ ಊಟದ ಮೇಜಿನ ಸುತ್ತ ಕೂತ ಯಾರಿಗೂ ಗೋಚರಿಸದ ಒಂದು ತಿಳಿಹಳದಿ ಕಲೆಯ ಮೇಲೆ ಒಬ್ಬ ಗೃಹಿಣಿ ಎರಡು ತಾಸು ಅಂಗೈಯಿಟ್ಟು ಕೂರುತ್ತಾಳೆ, ಸಕ್ಕರೆಯ ಅಚ್ಚುಗಳನ್ನು ಎಣಿಸುವುದನ್ನು ಕೂಡ ಮರೆತು. ಹಳೆಯದನ್ನು ಓದಿ ಜನ ನಕ್ಕಿದ್ದರು. ಇದನ್ನು ಓದಿದವರು ನಗಲು ತೊಡಗಿ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಆಕೆಯ ಬರವಣಿಗೆಯಲ್ಲೆಲ್ಲ ಇದೇ ಶ್ರೇಷ್ಠವಾದ ಪುಟವೆಂದು ನನ್ನ ಅಭಿಪ್ರಾಯ. ಅದರ ಕೀರ್ತಿಯಲ್ಲಿ ಅರ್ಧ ಪಾಲು ಎದೆಯುರಿಗೆ ಸಲ್ಲಬೇಕು.

ಐವತ್ತೆರಡರಲ್ಲಿ ಪುಸ್ತಕ ಬಂತು. ಹೆಚ್ಚು ಮಾರಾಟವಾಗಲಿಲ್ಲ. ಝೂರಿಕ್‌ನ ಪತ್ರಿಕೆಯೊಂದು 'ನಿರ್ದಯವಾದ ಕೃತಿ' ಎಂದು ಬರೆಯಿತು. ವಿಲ್ಮಾ ಆ ಚೂರನ್ನು ಕತ್ತರಿಸಿಟ್ಟುಕೊಂಡರು. ರೆಗೀನಾ ತಮ್ಮ ಕೋಣೆಯಲ್ಲಿ, ಉಳಿದವರು ಸತ್ತವರ ಚಿತ್ರಗಳನ್ನಿಡುವ ಕಡೆ, ಆ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿದ್ದರು. ಗಂಡನ ಮತ್ತು ಮಗನ ನೆನಪಿನ ದಿನ, ದಿನಾಂಕ ಯಾರಿಗೂ ಖಚಿತವಾಗಿ ತಿಳಿಯದ್ದರಿಂದ ತಾವೇ ಗೊತ್ತುಮಾಡಿಕೊಂಡಿದ್ದ ಒಂದು ದಿನ, ನಾಲ್ಕನೆಯ ಅಧ್ಯಾಯವನ್ನು ಬಿಚ್ಚಿಟ್ಟು ಅದರ ಮುಂದೆ ದೀಪ ಹಚ್ಚುತ್ತಿದ್ದರು. ನಾನೂ ನನ್ನ ಹೆಂಡತಿ ಎರ್ನಾಳೂ ಒಮ್ಮೆ ಹೋಗಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ವಿಲ್ಮಾ ಓದಿದರು; ಸೂಪು ಹೀರುವ ಜಾಗ ಬಂದಾಗ ಆ ವಿಧವೆ ಮೇಜಿನ ಕೆಳಗೆ ಕಾಲನ್ನು ಸಣ್ಣಗೆ ಒದ್ದದ್ದನ್ನು ಎರ್ನಾ ನೋಡಿದಳಂತೆ.

ರೆಗೀನಾ ಐವತ್ತೇಳರಲ್ಲಿ ತೀರಿಕೊಂಡರು. ವಿಲ್ಮಾ ಇನ್ನೂ ನಾಲ್ಕು ವರ್ಷ ಬದುಕಿದ್ದು, ಒಂದು ಸೆಪ್ಟೆಂಬರ್ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮುಂದೆ ಬರೆಯುತ್ತ ನಿಂತಿದ್ದವರು ಹಾಗೆಯೇ ಕುಸಿದರು. ಕಾಗದಗಳು ನನ್ನ ಪಾಲಿಗೆ ಬಂದವು. ಅವುಗಳಲ್ಲಿ ಪೂರ್ಣವಾದ ಎರಡನೆಯ ಕಾದಂಬರಿಯಿತ್ತು: ಈ ಸಲ ನಮ್ಮ ಸೇಂಟ್ ಕಿಲ್ಡಾ, ನಮ್ಮ ಕೇಕಿನಂಗಡಿ, ನಮ್ಮ ಸಮುದ್ರದ ಗಾಳಿ. ಏಳನೆಯ ಅಧ್ಯಾಯದಲ್ಲಿ ಬಾಡಿಗೆ ಪುಸ್ತಕದವನೊಬ್ಬ ಬರುತ್ತಾನೆ. ಯಾವುದೇ ಪುಸ್ತಕವನ್ನು ಹೊಗಳುವ ಮುನ್ನ ಹೆಬ್ಬೆರಳನ್ನು ನೆಕ್ಕಿಕೊಳ್ಳುತ್ತಾನೆ. ತಾನು ಓದಿಲ್ಲದ ಪುಸ್ತಕವಾದರೆ ಎರಡು ಸಲ. ಲ್ಯಾಟಿನ್ ಸೂಕ್ತಿಯೊಂದನ್ನು ಹೇಳಿ, ಯಾರಾದರೂ ಮೆಚ್ಚಿದರೇ ಎಂದು ಓರೆಗಣ್ಣಿನಿಂದ ನೋಡುತ್ತಾನೆ. ಇತರರ ದುಃಖವನ್ನು ಬಾಗಿಲಲ್ಲಿ ನಿಂತು ನೋಡಿ, ಗಿರಾಕಿ ಬಂದ ನೆಪದಿಂದ ಹೊರಗೆ ಹೋಗುವುದು ಅವನ ಅಭ್ಯಾಸ.

ನಾನು ಹಸ್ತಪ್ರತಿಯನ್ನು ತಂದು, ಪುಟ ತಿರುಗಿಸಿ ಆ ಅಧ್ಯಾಯವನ್ನು ತೆಗೆದು ಎರ್ನಾಳ ಮುಂದೆ ಎಸೆದೆ. "ನಾನು ಯಾವಾಗ ಬೆರಳು ನೆಕ್ತೀನಿ?"

ಅವಳು ಓದಿದಳು. ಅವಳ ಭುಜಗಳು ಕುಲುಕತೊಡಗಿದವು. "ಈಗಷ್ಟೇ ಪುಟ ತಿರುಗಿಸೋವಾಗ ನೆಕ್ಕಿದೆಯಲ್ಲಪ್ಪ," ಎಂದಳು. 

ಐದು ವಾರ ಆ ಕಟ್ಟನ್ನು ನಾನು ಕಪಾಟಿನಲ್ಲಿಟ್ಟಿದ್ದೆ. ಪೆನ್ಸಿಲು ನನ್ನಲ್ಲಿಯೂ ಇತ್ತು. ಲೇಖಕಿ ಸತ್ತಿದ್ದರು; ಬೇರೆ ಪ್ರತಿಯಿರಲಿಲ್ಲ; ಬಾಗಿಲಲ್ಲಿ ನಿಂತು ಹೊರಹೋಗುವ ಆ ವಾಕ್ಯವನ್ನು ಒಂದು ಗೀಟಿನಿಂದ ಅಳಿಸಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಗೀಟು ಎಳೆದೂ ಬಿಟ್ಟೆ. ಮರುದಿನ ಅದನ್ನು ಅಳಿಸಿ, ಇಡೀ ಅಧ್ಯಾಯವನ್ನು ನನ್ನ ಕೈಯಿಂದಲೇ ಬೆರಳಚ್ಚಿಸಿ, ಉಳಿದ ಹಸ್ತಪ್ರತಿಯೊಡನೆ ಝೂರಿಕ್‌ಗೆ ಅಂಚೆಗೆ ಹಾಕಿದೆ. ಅಂಚೆಕಚೇರಿಯಿಂದ ಹಿಂದಿರುಗುವಾಗ ನನಗೆ ಉದಾತ್ತವಾದದ್ದೇನನ್ನೋ ಮಾಡಿದ ಭಾವ ಬರಲಿಲ್ಲ. ಬಟ್ಟೆ ಬಿಚ್ಚಿಕೊಂಡು ವೈದ್ಯನ ಮುಂದೆ ನಿಂತು ಬಂದವನ ಹಾಗೆ, ಸ್ವಲ್ಪ ಚಳಿಯಾಗುತ್ತಿತ್ತು.

ಇಂಥ ಬರಹಗಾರರು ನೆರೆಮನೆಗೆ ಬರಬಾರದೆಂದು ಊರು ಬಯಸುತ್ತದೆ, ಬಯಸುವುದು ಸರಿಯೇ. ಊಟಕ್ಕೆ ಕರೆದರೆ ಅಡುಗೆಯ ರುಚಿಯನ್ನಲ್ಲ, ಬಡಿಸಿದ ಕೈ ತಡೆದದ್ದನ್ನು ನೆನಪಿಟ್ಟುಕೊಳ್ಳುವ ಜನ ಇವರು. ಮುಖ ನೋಡಿ ಮಾತಾಡುತ್ತಿರುವಾಗಲೇ ಮೂಗನ್ನು ಕದಿಯುತ್ತಿರುತ್ತಾರೆ. ಬದುಕಿರುವವರಿಗೆ ಇವರ ಸಂಗ ಮುಳ್ಳಿನ ಹಾಸಿಗೆ. ನಮ್ಮನ್ನು ಪ್ರೀತಿಸುವವರು ನಮ್ಮ ಕೊರತೆಗಳನ್ನು ಕ್ಷಮಿಸುತ್ತಾರೆ, ಕ್ಷಮಿಸಿದ್ದನ್ನು ಮರೆಯುತ್ತಾರೆ, ಮರೆತಷ್ಟೂ ನಾವು ಕರಗುತ್ತೇವೆ. ಕೊನೆಗೆ ಗೋಡೆಯ ಮೇಲೆ ಉಳಿಯುವುದು ಯಾರದೂ ಆಗಬಹುದಾದ ಒಂದು ಸೌಮ್ಯ ಮುಖ. ಈ ನಿಷ್ಠುರ ಜನ ಕ್ಷಮಿಸುವುದನ್ನು ಅರಿಯರು. ಊರೂ ಮನೆಯೂ ಮೇಜೂ ಹೋಗಿ, ಹೇಳುವವರೂ ಇಲ್ಲದಾದ ದಿನ, ಅವರು ಹಾಳೆಯ ಮೇಲೆ ಬಿಟ್ಟುಹೋದ ಒಬ್ಬ ಮನುಷ್ಯ ಇನ್ನೂ ಸದ್ದುಮಾಡಿ ಸೂಪು ಹೀರುತ್ತಿರುತ್ತಾನೆ, ನಾಚಿಕೆಯಿಲ್ಲದೆ, ಹಸಿದವನ ಹಾಗೆ.